ಗಣಕಚಿತ್ರದಲ್ಲಿ ಒಳಮನೆಯ ಬೆಳಕು

ಪಾಮನಕಲ್ಲೂರಿನ ಸೀಮೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳಕಿಂಡಿಯ ಬಿಸಿಲು ನೆಲದ ಗೇಣಗಲವನ್ನಷ್ಟೇ ಮುಟ್ಟುತ್ತದೆ. ಆದರೂ ಮೂಲೆಯ ಗಡಿಗೆ ಕಾಣುತ್ತದೆ. ನೆಲಕ್ಕೆ ಬಿದ್ದ ಬೆಳಕು ಚದುರಿ ಸುಣ್ಣದ ಗೋಡೆಗೂ, ಗೋಡೆಯಿಂದ ಮೂಲೆಗೂ ಹಾಯುವುದೇ ಇದಕ್ಕೆ ಕಾರಣ.

ಗಣಕಯಂತ್ರದಲ್ಲಿ ಕೋಣೆಯ ಚಿತ್ರವನ್ನು ರಚಿಸುವಾಗ ನೇರ ಬಿಸಿಲನ್ನಷ್ಟೇ ಗಣಿಸಿದರೆ ಮೂಲೆಗಳು ಕಗ್ಗತ್ತಲಾಗುತ್ತವೆ. ಎಲ್ಲೆಡೆ ಸಮನಾದ ಬೆಳಕನ್ನು ಬೆರೆಸಿದರೆ ಕತ್ತಲು ನೀಗುವುದಾದರೂ ನೆರಳಿನ ಏರಿಳಿತವಳಿದು ಕೋಣೆ ಚಪ್ಪಟೆಯಾಗಿ ತೋರುತ್ತದೆ. 1984ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಮೇಲ್ಮೈಗಳನ್ನು ಸಣ್ಣ ತುಂಡುಗಳಾಗಿ ವಿಭಜಿಸಿ, ಅವು ಪರಸ್ಪರ ಕೊಟ್ಟುಕೊಳ್ಳುವ ಬೆಳಕನ್ನು ಗಣಿಸುವ ವಿಧಾನವನ್ನು ಪ್ರಕಟಿಸಿದರು. ಕೆಂಪು ಗೋಡೆಯ ಛಾಯೆ ಪಕ್ಕದ ಬಿಳಿಯ ಮೇಲೆ ಹಾಯುವುದನ್ನೂ ಈ ಗಣನೆ ತೋರಿಸುತ್ತದೆ.

ಆದುದರಿಂದ ವಿದ್ಯಾರ್ಥಿಯು ಗಣಕದ ಮುಂದೆ ಕೂರುವ ಮುನ್ನ ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಬೆಳಕಿನ ದಾರಿಯನ್ನು ಗಮನಿಸತಕ್ಕದ್ದು. ನೋಡಲು ಕಲಿಯದವನಿಗೆ ಯಂತ್ರವು ತೋರಿಸಲಾರದು.