ದೂರದ ತರಗತಿಯಲ್ಲಿ ಚಿಂತನ ಪರಿಪಾಠ

ಪಾಠವನ್ನು ಕೇಳುವುದು ಬೇರೆ, ಕೇಳಿದ ಪಾಠವನ್ನು ಕುರಿತು ಯೋಚಿಸುವುದು ಬೇರೆ. ಅನುಭವಿ ಶಿಕ್ಷಕರಿಗೆ ಈ ಭೇದವು ಚೆನ್ನಾಗಿ ತಿಳಿದಿರುತ್ತದೆ. ತರಗತಿಯಲ್ಲಿ ಮಕ್ಕಳ ಮುಖವನ್ನು ನೋಡಿದೊಡನೆಯೇ ಯಾರಿಗೆ ವಿಷಯ ತಿಳಿಯಿತು, ಯಾರಿಗೆ ತಿಳಿಯಲಿಲ್ಲವೆಂಬುದನ್ನು ಅವರು ಬಹುಮಟ್ಟಿಗೆ ಊಹಿಸಬಲ್ಲರು. ಹುಬ್ಬು ಗಂಟಿಕ್ಕಿದ ಬಾಲಕನಿಗಾಗಿ ಮತ್ತೊಂದು ಉದಾಹರಣೆ ಕೊಡುತ್ತಾರೆ; ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತ ಬಾಲಕಿಯ ಬಳಿಗೆ ಹೋಗಿ ನಿಲ್ಲುತ್ತಾರೆ. ಕಲಿಸುವವರಿಗೂ ಕಲಿಯುವವರಿಗೂ ನಡುವೆ ದೂರವುಂಟಾದಾಗ ಈ ಮುಖದರ್ಶನ ತಪ್ಪಿಹೋಗುತ್ತದೆ. ಅಂತಹ ಸಂದರ್ಭದಲ್ಲಿ ಮಕ್ಕಳ ಆಲೋಚನೆಯನ್ನು ಅರಿಯುವುದು ಹೇಗೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ದೂರಶಿಕ್ಷಣವು ಕನ್ನಡ ನಾಡಿಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆಯ ಮೂಲಕ ಶಿಕ್ಷಣ ನೀಡಲಾರಂಭಿಸಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡಿತು. ಆದರೆ ಅವುಗಳ ವಿದ್ಯಾರ್ಥಿಗಳು ಸ್ವಂತವಾಗಿ ಓದಿಕೊಳ್ಳಬಲ್ಲ ವಯಸ್ಕರು. ಎಳೆಯ ಮಕ್ಕಳಿಗೂ ದೂರದಿಂದಲೇ ಪಾಠ ಹೇಳಬೇಕಾದ ಪರಿಸ್ಥಿತಿ 2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಒದಗಿತು. ಆ ವರ್ಷ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಮಕ್ಕಳಿರುವ ಎಡೆಗೇ ಶಿಕ್ಷಕರು ತೆರಳಿ ಕಲಿಸುವ 'ವಿದ್ಯಾಗಮ' ಯೋಜನೆಯು ಆಗಸ್ಟ್‌ನಲ್ಲಿ ಆರಂಭವಾಗಿ, ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ನಿಂತು, 2021ರ ಜನವರಿಯಲ್ಲಿ ಮತ್ತೆ ಮೊದಲಾಯಿತು. ಅನುಕೂಲವಿದ್ದ ಶಾಲೆಗಳು ಆನ್‌ಲೈನ್ ತರಗತಿಗಳನ್ನು ನಡೆಸಿದವು.

ಆ ದಿನಗಳ ಶಿವಾಜಿನಗರದ ಒಂದು ಸಣ್ಣ ಮನೆಯನ್ನು ಊಹಿಸಿಕೊಳ್ಳಬಹುದು. ಮನೆಗೆಲ್ಲ ಇರುವುದು ಒಂದೇ ಫೋನು. ತಂದೆ ವ್ಯಾಪಾರಕ್ಕೆ ಹೊರಟರೆ ಫೋನೂ ಅವರೊಡನೆ ಹೊರಡುತ್ತದೆ. ಉಳಿದ ಹೊತ್ತಿನಲ್ಲಿ ಅಕ್ಕ ತಮ್ಮಂದಿರು ಅದನ್ನು ಹಂಚಿಕೊಳ್ಳಬೇಕು. ಪರದೆಯ ಮೇಲೆ ಮಗುವಿನ ಹೆಸರು ಕಾಣುತ್ತದೆ, ಹಾಜರಿ ಬೀಳುತ್ತದೆ. "ತಿಳಿಯಿತೆ?" ಎಂದು ಕೇಳಿದರೆ "ತಿಳಿಯಿತು" ಎಂಬ ಉತ್ತರವೂ ಬರುತ್ತದೆ. ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತಿದೆಯೆಂಬುದು ಮಾತ್ರ ಶಿಕ್ಷಕರಿಗೆ ತಿಳಿಯುವುದಿಲ್ಲ.

ಈ ಕೊರತೆಯನ್ನು ತುಂಬಲು ನೆರವಾಗುವ ಸಾಧನಗಳಲ್ಲಿ ಚಿಂತನ ಪರಿಪಾಠವೂ ಒಂದು. ಪ್ರಾರ್ಥನೆ, ಹಾಜರಿಗಳಿಗೆ ಒಂದು ಪರಿಪಾಠವಿರುವಂತೆ ಯೋಚನೆಗೂ ಒಂದು ಪರಿಪಾಠವಿರಬೇಕೆಂಬುದು ಇದರ ಮೂಲ ಭಾವನೆ. ತತ್ತ್ವಜ್ಞಾನಿ ನೆಲ್ಸನ್ ಗುಡ್‌ಮನ್ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1967ರಲ್ಲಿ ಆರಂಭಿಸಿದ 'ಪ್ರಾಜೆಕ್ಟ್ ಜೀರೋ' ಎಂಬ ಸಂಶೋಧನ ಕೇಂದ್ರದಲ್ಲಿ ಇಂತಹ ಹಲವು ಪರಿಪಾಠಗಳು ರೂಪುಗೊಂಡವು. ರಾನ್ ರಿಚ್‌ಹಾರ್ಟ್, ಮಾರ್ಕ್ ಚರ್ಚ್ ಮತ್ತು ಕರಿನ್ ಮಾರಿಸನ್ ಅವರು 2011ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಇವು ಅನೇಕ ದೇಶಗಳ ಶಿಕ್ಷಕರಿಗೆ ಪರಿಚಿತವಾದವು. ಅವುಗಳಲ್ಲಿ ಸರಳವಾದದ್ದು 'ನೋಡು, ಯೋಚಿಸು, ಪ್ರಶ್ನಿಸು' ಎಂಬುದು. ಏನು ಕಾಣುತ್ತಿದೆ? ಅದರಿಂದ ಏನು ತೋಚುತ್ತದೆ? ಇನ್ನೂ ಏನನ್ನು ತಿಳಿಯಬೇಕೆನಿಸುತ್ತದೆ? ಇವೇ ಅದರ ಮೂರು ಮೆಟ್ಟಿಲುಗಳು.

ಹಲಸೂರು ಕೆರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2016ರ ಮಾರ್ಚ್ ತಿಂಗಳಿನಲ್ಲಿ ಆ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ವಿಜ್ಞಾನದ ಶಿಕ್ಷಕರು ಅದರ ಚಿತ್ರವೊಂದನ್ನು ಮಕ್ಕಳಿಗೆ ಕಳುಹಿಸುತ್ತಾರೆನ್ನೋಣ. ಮೊದಲ ಎರಡು ನಿಮಿಷ ಯಾರೂ ಮಾತನಾಡಕೂಡದು. ಕಂಡದ್ದನ್ನು ಮಾತ್ರ ಪುಸ್ತಕದಲ್ಲಿ ಬರೆಯಬೇಕು. "ಮೀನುಗಳು ಸತ್ತಿವೆ" ಎಂದು ಹಲವರು ಬರೆದಾರು. ನೀರಿನ ಬಣ್ಣವನ್ನು, ದಡದ ಕಸವನ್ನು ಗುರುತಿಸುವವರು ಕೆಲವರೇ. ಎರಡನೆಯ ಮೆಟ್ಟಿಲಿನಲ್ಲಿ "ಯಾರೋ ವಿಷ ಹಾಕಿರಬೇಕು" ಎಂದು ಒಬ್ಬ, "ಬಿಸಿಲು ಹೆಚ್ಚಾಯಿತು" ಎಂದು ಮತ್ತೊಬ್ಬಳು ಹೇಳಬಹುದು. ಆಗ ಶಿಕ್ಷಕರು ಸರಿ ತಪ್ಪುಗಳ ತೀರ್ಪು ಕೊಡದೆ, "ಹಾಗೆ ಹೇಳಲು ಆಧಾರವೇನು?" ಎಂದು ಕೇಳಬೇಕು. ಮೂರನೆಯ ಮೆಟ್ಟಿಲಿನಲ್ಲಿ "ಮೀನು ನೀರಿನೊಳಗೇ ಉಸಿರುಗಟ್ಟುವುದುಂಟೆ?" ಎಂಬ ಪ್ರಶ್ನೆ ಒಂದು ಮಗುವಿನಿಂದಲಾದರೂ ಬಂದರೆ ಪಾಠಕ್ಕೆ ಬಾಗಿಲು ತೆರೆದಂತಾಯಿತು. ಚರಂಡಿಯ ನೀರಿನೊಡನೆ ಬಂದ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸುವಾಗ ನೀರಿನಲ್ಲಿರುವ ಆಮ್ಲಜನಕವು ವ್ಯಯವಾಗುತ್ತದೆ, ಅದು ತೀರ ಕಡಿಮೆಯಾದರೆ ಮೀನುಗಳು ಉಸಿರುಗಟ್ಟಿ ಸಾಯುತ್ತವೆ ಎಂಬ ವಿವರಣೆಯು ಈಗ ಮಕ್ಕಳು ತಾವೇ ಕೇಳಿದ ಪ್ರಶ್ನೆಗೆ ಉತ್ತರವಾಗಿ ಒದಗುತ್ತದೆ. ಕೊನೆಗೆ "ಮೊದಲು ಹೀಗೆಂದುಕೊಂಡಿದ್ದೆ, ಈಗ ಹೀಗೆಂದು ತಿಳಿದಿದ್ದೇನೆ" ಎಂಬ ಎರಡು ವಾಕ್ಯಗಳನ್ನು ಪ್ರತಿಯೊಬ್ಬರೂ ಬರೆದರೆ, ಯಾರ ತಿಳಿವಳಿಕೆ ಎಷ್ಟು ಮುಂದುವರಿಯಿತೆಂಬುದು ದೂರದಲ್ಲಿರುವ ಶಿಕ್ಷಕರಿಗೂ ಕಾಣುತ್ತದೆ.

ದೂರದ ತರಗತಿಯಲ್ಲಿ ಇದನ್ನು ನಡೆಸುವಾಗ ಕೆಲವು ಎಚ್ಚರಿಕೆಗಳು ಅಗತ್ಯ. ಒಬ್ಬರ ಉತ್ತರವನ್ನು ನೋಡಿ ಉಳಿದವರು ನಕಲು ಮಾಡದಂತೆ, ಎಲ್ಲರೂ ಬರೆದು ಮುಗಿಸಿದ ಮೇಲೆ ಒಂದೇ ಸಲ ಕಳುಹಿಸುವ ನಿಯಮವಿರಬೇಕು. ಫೋನು ಸಂಜೆ ಮಾತ್ರ ಸಿಕ್ಕುವ ಮಗು ಧ್ವನಿಸಂದೇಶದಲ್ಲಿ ಉತ್ತರಿಸಬಹುದು. ಫೋನೇ ಇಲ್ಲದ ಮಗುವಿಗೆ ಅದೇ ಮೂರು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ತಲುಪಿಸಬಹುದು. ಚಿತ್ರವನ್ನೇ ನೋಡಬೇಕೆಂಬ ನಿಯಮವೂ ಇಲ್ಲ. ಕೃಷ್ಣರಾಜಪುರದ ಮಗುವಿಗೆ ಅಲ್ಲಿನ ತೂಗುಸೇತುವೆಯ ಹುರಿಗಳು, ಇಂದಿರಾನಗರದ ಮಗುವಿಗೆ ರಸ್ತೆಯ ಮೇಲೆ ಕಂಬಗಳ ಆಧಾರದಲ್ಲಿ ಸಾಗುವ ಮೆಟ್ರೋ ಹಾದಿ ಸಾಕು. ಪರಿಪಾಠಕ್ಕೆ ಬೇಕಾದುದು ಬೆಲೆಬಾಳುವ ಯಂತ್ರಕ್ಕಿಂತ ಹೆಚ್ಚಾಗಿ ಒಳ್ಳೆಯ ಪ್ರಶ್ನೆ ಮತ್ತು ಶಿಕ್ಷಕರ ತಾಳ್ಮೆ.

ಭಾಷೆಯ ವಿಷಯವೂ ಇಲ್ಲಿ ಮುಖ್ಯವಾದುದು. 1949ರಲ್ಲಿ ಪೇಟೆ ಮತ್ತು ದಂಡಿನ ಪುರಸಭೆಗಳು ಒಂದಾಗುವವರೆಗೂ ಪ್ರತ್ಯೇಕ ಆಡಳಿತದಲ್ಲಿ ಬೆಳೆದ ದಂಡು ಪ್ರದೇಶದ ಮನೆಗಳಲ್ಲಿ ಕನ್ನಡದೊಡನೆ ತಮಿಳು, ಉರ್ದು, ತೆಲುಗುಗಳೂ ಇಂದಿಗೂ ಕೇಳಿಬರುತ್ತವೆ. ಕಂಡದ್ದನ್ನು ಹೇಳಲು ಪದ ಸಿಗದೆ ಮೌನವಾಗಿರುವ ಮಗುವನ್ನು ಯೋಚಿಸಲಾರದ ಮಗುವೆಂದು ಭಾವಿಸಿದರೆ ಅನ್ಯಾಯವಾಗುತ್ತದೆ. ಮೊದಲು ಮನೆಮಾತಿನಲ್ಲಿ ಹೇಳಿ, ಬಳಿಕ ಸಹಪಾಠಿಗಳ ನೆರವಿನಿಂದ ಕನ್ನಡದಲ್ಲಿ ಬರೆಯಲು ಅವಕಾಶವಿತ್ತರೆ ಆಲೋಚನೆಯೂ ಭಾಷೆಯೂ ಕೂಡಿ ಬೆಳೆಯುತ್ತವೆ.

ಪರಿಪಾಠವೇ ಒಂದು ಕಂಠಪಾಠವಾಗುವ ಅಪಾಯವನ್ನೂ ಮರೆಯಬಾರದು. ಮೂರು ಖಾನೆಗಳನ್ನು ತುಂಬಿಸಿ ಅಂಕ ಕೊಡುವ ಪದ್ಧತಿ ಬಂದರೆ ಮಕ್ಕಳು ಶಿಕ್ಷಕರಿಗೆ ಮೆಚ್ಚುಗೆಯಾಗುವುದನ್ನೇ ಬರೆಯತೊಡಗುತ್ತಾರೆ. ಮಗುವಿನ ಪ್ರಶ್ನೆಯಿಂದ ಮರುದಿನದ ಪಾಠದಲ್ಲಿ ಒಂದಿಷ್ಟಾದರೂ ಬದಲಾವಣೆಯಾದಾಗಲೇ ಈ ವಿಧಾನವು ಸಾರ್ಥಕವಾಗುತ್ತದೆ.

ಶಾಲೆಗಳು ಮತ್ತೆ ತೆರೆದಿವೆ. ಆದರೆ ದೂರದ ಪಾಠದ ಅಗತ್ಯ ಮುಗಿದಿಲ್ಲ. 2022ರ ಸೆಪ್ಟೆಂಬರ್ ಮಳೆಗೆ ನಗರದ ಪೂರ್ವಭಾಗದ ಅನೇಕ ಬಡಾವಣೆಗಳು ಜಲಾವೃತವಾದುದು ಎಲ್ಲರ ನೆನಪಿನಲ್ಲಿದೆ. ಕಾಯಿಲೆಯಿಂದ ಮನೆಯಲ್ಲುಳಿಯುವ ಮಕ್ಕಳು ಪ್ರತಿವರ್ಷವೂ ಇರುತ್ತಾರೆ. ಶಾಲೆಗಳಿಗೆ ಉಪಕರಣಗಳನ್ನು ಒದಗಿಸುವ ದಾನಿಗಳ ಔದಾರ್ಯ ಸ್ತುತ್ಯವಾದುದು. ಅದರೊಡನೆ ಶಿಕ್ಷಕರ ತರಬೇತಿಗೂ ನೆರವು ದೊರೆತು, ಹಳೆಯ ವಿದ್ಯಾರ್ಥಿಗಳು ವಾರಕ್ಕೊಂದು ಗಂಟೆ ಇಂತಹ ಮಕ್ಕಳ ಉತ್ತರಗಳನ್ನು ಓದಿ ಮಾತನಾಡಿಸುವ ಹೊಣೆ ಹೊತ್ತರೆ, ಪರದೆಯ ಆಚೆಗಿರುವ ಮಗುವಿಗೂ ತನ್ನ ಯೋಚನೆಯನ್ನು ಕೇಳುವವರಿದ್ದಾರೆಂಬ ಭರವಸೆ ದೊರೆಯುತ್ತದೆ.