ಸಿಡಿಲಿನಿಂದ ಮನೆಯ ವಿದ್ಯುತ್ ಉಪಕರಣಗಳ ರಕ್ಷಣೆ



ಏಪ್ರಿಲ್-ಮೇ ತಿಂಗಳ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಗುಡುಗು ಸಿಡಿಲಿನೊಡನೆ ಬರುತ್ತವೆ. ಅಕ್ಟೋಬರಿನ ಚಿತ್ತೆ, ಸ್ವಾತಿ ಮಳೆಗಳಲ್ಲಿಯೂ ಸಿಡಿಲಿನ ಭಯ ಇದ್ದೇ ಇರುತ್ತದೆ. ಈ ಮಳೆಗಳು ಹೆಚ್ಚಾಗಿ ಬರುವುದು ಮಧ್ಯಾಹ್ನ ಕಳೆದ ಮೇಲೆ, ಅಂದರೆ ಸಂಜೆಯ ಹಾಲು ಕರೆಯುವ ಹೊತ್ತಿಗೆ. ಹಿಂದೆ ಮನೆಯಲ್ಲಿ ಇರುತ್ತಿದ್ದುದು ಒಂದೆರಡು ಬಲ್ಬು, ಒಂದು ರೇಡಿಯೋ. ಈಗ ಟಿ.ವಿ., ಫ್ರಿಜ್, ಮೊಬೈಲ್ ಚಾರ್ಜರುಗಳ ಜೊತೆಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರಗಳೂ ಇವೆ. ಇವು ಒಂದೇ ಸಿಡಿಲಿಗೆ ಸುಟ್ಟುಹೋಗಬಹುದು.

ಸಿಡಿಲು ಮನೆಯೊಳಗೆ ಹೇಗೆ ಬರುತ್ತದೆ?

ಉಪಕರಣ ಸುಡಲು ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ದೂರದ ಕಂಬಕ್ಕೋ ತಂತಿಗೋ ಬಡಿದರೂ, ತಂತಿಯ ಪಕ್ಕದ ಮರಕ್ಕೆ ಬಡಿದರೂ, ಕ್ಷಣಮಾತ್ರದಲ್ಲಿ ಸಾವಿರಾರು ವೋಲ್ಟ್ ಒತ್ತಡ ತಂತಿಯಲ್ಲಿ ಹರಿದು ಬರುತ್ತದೆ. ನಮ್ಮ ಮನೆಯ ಉಪಕರಣಗಳು 230 ವೋಲ್ಟಿಗೆ ತಯಾರಾದವು. ಕರೆಂಟಿನ ತಂತಿಯಲ್ಲದೆ ಟಿ.ವಿ. ಕೇಬಲ್, ಡಿಶ್ ವೈರು, ಟೆಲಿಫೋನ್ ತಂತಿಗಳ ಮೂಲಕವೂ ಈ ಒತ್ತಡ ಒಳಗೆ ಬರುತ್ತದೆ.

ಸ್ವಿಚ್ ಆರಿಸಿದರೆ ಸಾಲದು

ಸ್ವಿಚ್ ಒಳಗಿನ ಅಂತರ ಕೆಲವೇ ಮಿಲಿಮೀಟರ್. ಆಕಾಶದಿಂದ ನೆಲಕ್ಕೆ ಹಾರುವ ಸಿಡಿಲಿಗೆ ಅದು ತಡೆಯೇ ಅಲ್ಲ. ಅಲ್ಲದೆ ಸಾಮಾನ್ಯ ಸ್ವಿಚ್ ಫೇಸ್ ತಂತಿಯನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ತಂತಿ ಸೇರಿಕೊಂಡೇ ಇರುತ್ತದೆ. ಫ್ಯೂಸ್ ಕರಗುವ ಮೊದಲೇ ಉಪಕರಣ ಸುಟ್ಟಿರುತ್ತದೆ. ಸ್ಟೆಬಿಲೈಜರ್ ಇರುವುದು ವೋಲ್ಟೇಜ್ ಏರಿಳಿತಕ್ಕೇ ಹೊರತು ಸಿಡಿಲಿಗಲ್ಲ. ಆದ್ದರಿಂದ ಪ್ಲಗ್ಗನ್ನೇ ಕಿತ್ತು ಗೋಡೆಯಿಂದ ದೂರ ಇಡಬೇಕು. ಟಿ.ವಿ.ಯ ಕೇಬಲ್ಲನ್ನೂ ಬಿಚ್ಚಬೇಕು.

ಯಾವಾಗ ಕೀಳಬೇಕು?

ಇದು ಎಲ್ಲಕ್ಕಿಂತ ಮುಖ್ಯವಾದ ವಿಷಯ. ಮೋಡ ಕಟ್ಟುತ್ತಿರುವಾಗಲೇ ಪ್ಲಗ್ ಕೀಳಬೇಕು. ಮಿಂಚು ಕಂಡ ಕೂಡಲೇ ಸೆಕೆಂಡುಗಳನ್ನು ಎಣಿಸಿರಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. ಗುಡುಗು 30 ಸೆಕೆಂಡಿನೊಳಗೆ ಕೇಳಿಸಿದರೆ ಸಿಡಿಲು 10 ಕಿಲೋಮೀಟರ್ ಒಳಗೇ ಇದೆ ಎಂದರ್ಥ. ಆಮೇಲೆ ಪ್ಲಗ್ಗು, ವೈರು, ನಲ್ಲಿ, ಕಬ್ಬಿಣದ ಕಂಬಿ ಯಾವುದನ್ನೂ ಮುಟ್ಟಬಾರದು. ಕೀಳಲು ಮರೆತಿದ್ದರೆ ಟಿ.ವಿ. ಹೋದರೂ ಹೋಗಲಿ, ಅದನ್ನು ಉಳಿಸಲು ಕೈ ಹಾಕಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಕಾಯಿರಿ. ಹಾಲಿನ ಕ್ಯಾನ್ ಹಿಡಿದು ಸಂಘಕ್ಕೆ ಹೊರಟವರಿಗೂ ಇದೇ ಮಾತು. ಬಯಲಿನಲ್ಲಿ ನಡೆಯುವುದು, ಮರದಡಿ ನಿಲ್ಲುವುದು ಎರಡೂ ಅಪಾಯ. ಮೊಬೈಲ್ ಇರುವವರು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್‌ನಿಂದ ಸಿಡಿಲಿನ ಮುನ್ಸೂಚನೆ ಪಡೆಯಬಹುದು.

ಅರ್ಥಿಂಗ್ ಸರಿಯಿದೆಯೇ?

ಮೂರು ತೂತಿನ ಸಾಕೆಟ್ ಇದ್ದರೂ ಅನೇಕ ಮನೆಗಳಲ್ಲಿ ಮೇಲಿನ ದೊಡ್ಡ ತೂತಿಗೆ ತಂತಿಯೇ ಇರುವುದಿಲ್ಲ. ಲೈಸೆನ್ಸ್ ಪಡೆದ ವೈರಿಂಗ್ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಿರಿ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ್ಗೆ ನೀರು ಹಾಕುತ್ತಿರಬೇಕು. ಒಣಗಿದ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಯ್ಯುವುದಿಲ್ಲ. ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸುವುದು ಒಳ್ಳೆಯದು. ಆದರೆ ಹೆಚ್ಚುವರಿ ಒತ್ತಡವನ್ನು ಅದು ನೆಲಕ್ಕೇ ಇಳಿಸಬೇಕು. ಅರ್ಥಿಂಗ್ ಇಲ್ಲದಿದ್ದರೆ ಅದಕ್ಕೆ ಕೊಟ್ಟ ಹಣ ವ್ಯರ್ಥ. ಅದು ಇದ್ದರೂ ಪ್ಲಗ್ ಕೀಳುವ ಅಭ್ಯಾಸ ಬಿಡಬಾರದು.

ಕೊಟ್ಟಿಗೆಯಲ್ಲಿ ವಿಶೇಷ ಎಚ್ಚರಿಕೆ

ಅರ್ಥಿಂಗ್ ಗುಂಡಿ ಹಸು ನಿಲ್ಲುವ ಜಾಗದಿಂದ ದೂರವಿರಲಿ. ಒತ್ತಡ ನೆಲಕ್ಕೆ ಇಳಿದಾಗ ಸುತ್ತಲಿನ ಮಣ್ಣಿನಲ್ಲಿ ಹರಡುತ್ತದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ಆದ್ದರಿಂದ ಒಂದು ಕಾಲಿನಿಂದ ಹತ್ತಿ ಎದೆಯ ಮೂಲಕ ಇನ್ನೊಂದರಿಂದ ಇಳಿಯುವ ವಿದ್ಯುತ್ ಅದರ ಪ್ರಾಣಕ್ಕೇ ಎರವಾಗುತ್ತದೆ. ವಿದ್ಯುತ್ ಕಂಬಕ್ಕಾಗಲೀ ಅದರ ಎಳೆತಂತಿಗಾಗಲೀ ರಾಸುಗಳನ್ನು ಕಟ್ಟಬಾರದು. ನೀರಿನ ತೊಟ್ಟಿಯ ಬಳಿ ಹಸು ಬೆದರಿದರೆ, ಯಂತ್ರ ಹಾಕಿದಾಗ ಸೊರೆ ಬಿಡದಿದ್ದರೆ, ವಿದ್ಯುತ್ ಸೋರಿಕೆಯೂ ಕಾರಣವಿರಬಹುದು. ಕೂಡಲೇ ಪರೀಕ್ಷೆ ಮಾಡಿಸಿರಿ. ಸಂಜೆ ಮೋಡ ಕಂಡರೆ ಹಾಲನ್ನು ಬೇಗ ಕರೆದು ಯಂತ್ರದ ಪ್ಲಗ್ ಕಿತ್ತಿಡಿ.

ಕರೆಂಟ್ ಮರಳಿ ಬಂದಾಗ

ಮೊದಲ ಕ್ಷಣಗಳಲ್ಲಿ ವೋಲ್ಟೇಜ್ ಏರುಪೇರಾಗುತ್ತದೆ. ಮೊದಲು ಒಂದು ಬಲ್ಬ್ ಮಾತ್ರ ಹಾಕಿ ನೋಡಿರಿ. ಐದು-ಹತ್ತು ನಿಮಿಷ ಬಿಟ್ಟು ಉಳಿದವನ್ನು ಹಾಕಿರಿ. ಬಲ್ಬ್ ಎಂದಿಗಿಂತ ಪ್ರಖರವಾಗಿ ಉರಿದರೆ ನ್ಯೂಟ್ರಲ್ ತಂತಿ ಕಡಿದಿರಬಹುದು. ಆಗ 400 ವೋಲ್ಟಿನವರೆಗೂ ಮನೆಯೊಳಗೆ ಬರಬಹುದು. ಮೇನ್ ಆರಿಸಿ ಲೈನ್‌ಮನ್‌ಗೆ ತಿಳಿಸಿರಿ. ಕಂಬ ಹತ್ತುವುದು, ತುಂಡಾಗಿ ಬಿದ್ದ ತಂತಿ ಮುಟ್ಟುವುದು ಬೇಡ.

ಸಂಘದ ಹಾಲು ಪರೀಕ್ಷಾ ಯಂತ್ರ, ತೂಕದ ಯಂತ್ರ, ಕಂಪ್ಯೂಟರುಗಳಿಗೂ ಇದೇ ನಿಯಮ. ಇವು ಸುಟ್ಟರೆ ಇಡೀ ಊರಿನ ಹಾಲಿನ ಲೆಕ್ಕವೇ ನಿಲ್ಲುತ್ತದೆ. ಆದ್ದರಿಂದ ಕಾರ್ಯದರ್ಶಿಗಳು ಸಂಜೆ ಬಾಗಿಲು ಹಾಕುವಾಗ ಪ್ಲಗ್ ಕೀಳುವುದನ್ನು ರೂಢಿ ಮಾಡಿಕೊಳ್ಳಬೇಕು.

ಯುಗಾದಿಯ ಹೊತ್ತಿಗೆ ಅರ್ಥಿಂಗ್ ಪರೀಕ್ಷೆ ಮುಗಿಸಿಡಿ. ಪ್ಲಗ್ ಕೀಳುವುದು ಯಾವಾಗ, ಮುಟ್ಟಬಾರದ್ದು ಯಾವಾಗ ಎಂಬುದನ್ನು ಮನೆಯ ಮಕ್ಕಳಿಗೂ ಹಿರಿಯರಿಗೂ ತಿಳಿಸಿಕೊಡಿ.