ಅವಳು ಓಡಿದಳು, ನಾನೇಕೆ ಓಡಲಿಲ್ಲ?

ಪ್ರಶ್ನೆ: ನನಗೀಗ ಮೂವತ್ತು ವರ್ಷ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆ ಬಿಡಿಸಿ ನನ್ನನ್ನು ಬೆಂಗಳೂರಿನ ಒಂದು ಮನೆಗೆ ಕೆಲಸಕ್ಕೆ ಬಿಟ್ಟರು. ಅಪ್ಪ ಮುಂಗಡ ತಗೊಂಡಿದ್ದರು. ಆರು ವರ್ಷ ಫ್ರಿಜ್ಜಿನ ಪಕ್ಕ ಮಲಗಿದೆ. ಹೊಡೆತ ತಿಂದೆ, ಬರೆಯಲಾಗದ್ದೂ ನಡೆಯಿತು. ಪಕ್ಕದ ಮನೆಯವರೊಬ್ಬರು ಫೋನ್ ಮಾಡಿ ಬಿಡಿಸಿದರು. ಆಮೇಲೆ ಹಾಸ್ಟೆಲ್‌ನಲ್ಲಿದ್ದು ಪಿಯುಸಿವರೆಗೆ ಓದಿದೆ. ಮದುವೆಯಾಯಿತು. ನಮ್ಮ ಮನೆಯವರು ಒಳ್ಳೆಯವರು, ಆದರೆ ಅವರಿಗೆ ಇದೇನೂ ಗೊತ್ತಿಲ್ಲ. ಮೊನ್ನೆ ಅವರು ಟಿವಿಯಲ್ಲಿ ‘ಲಕ್ಷ್ಮಿ’ ಎಂಬ ಹಿಂದಿ ಸಿನಿಮಾ ಹಾಕಿದರು. ಆ ಹುಡುಗಿ ಓಡಲು ನೋಡುತ್ತಾಳೆ, ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಾಳೆ. ಇವರು, ‘ಈಕಿ ಎಷ್ಟು ಗಟ್ಟಿಗಿತ್ತಿ ಅದಾಳ ನೋಡು. ಉಳಿದೋರು ಯಾಕ ಓಡಿ ಹೋಗಂಗಿಲ್ಲ?’ ಅಂದರು. ಎದೆ ಹೊಡೆದುಕೊಂಡು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅಂದಿನಿಂದ ನಿದ್ದೆಯಿಲ್ಲ. ನಾನು ದಿನಾ ಬೆಳಿಗ್ಗೆ ಒಬ್ಬಳೇ ಹಾಲಿನ ಬೂತಿಗೆ ಹೋಗಿ ಬರುತ್ತಿದ್ದೆ. ಒಂದು ದಿನವೂ ಓಡಲಿಲ್ಲ. ನಾನು ಹೇಡಿಯೇ? ಇವರಿಗೆ ಹೇಳಬೇಕೇ? ಅವ್ವನ ಮೇಲೂ ಸಿಟ್ಟು ಬರುತ್ತದೆ, ಅದು ಪಾಪವೇ?
– ಹೆಸರು ಬೇಡ, ಬಳ್ಳಾರಿ ಜಿಲ್ಲೆ

ಉತ್ತರ: ಇಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಕಾಗದದ ಮೇಲೆ ಇಳಿಸಿದ್ದೀರಿ. ಅದಕ್ಕೆ ಎಷ್ಟು ಧೈರ್ಯ ಬೇಕು ಎಂಬುದು ನನಗೆ ಗೊತ್ತು. ಬರೆಯಲಾಗದ್ದನ್ನು ಬರೆಯದೇ ಬಿಟ್ಟದ್ದೂ ಸರಿಯೇ. ಅದನ್ನು ನಾನು ಕೇಳುವುದಿಲ್ಲ.

ಮೊದಲು ನಿಮ್ಮ ನಿದ್ದೆಗೇಡಿನ ಮಾತು. ಎದೆ ಹೊಡೆದುಕೊಳ್ಳುವುದು, ಬೆವರುವುದು, ಒಂದು ಸದ್ದಿಗೇ ಬೆಚ್ಚಿಬೀಳುವುದು ಹುಚ್ಚಿನ ಲಕ್ಷಣವಲ್ಲ. ಚಿಕ್ಕಂದಿನಲ್ಲಿ ತುಂಬ ಹೆದರಿದವರ ದೇಹ ಆ ಹೆದರಿಕೆಯನ್ನು ತಾರೀಖು ಹಾಕಿ ಇಟ್ಟುಕೊಂಡಿರುವುದಿಲ್ಲ. ಪರದೆಯ ಮೇಲೆ ಯಾರೋ ಗದರಿಸಿದರೆ ಅದು ಇಪ್ಪತ್ತು ವರ್ಷದ ಹಿಂದಿನದು ಎಂದು ಬುದ್ಧಿಗೆ ಹೊಳೆಯುವ ಮೊದಲೇ ಮೈ ನಡುಗಿಬಿಡುತ್ತದೆ. ನಿಮ್ಮ ಹಾಗೆ ಸಿನಿಮಾ ಅರ್ಧಕ್ಕೆ ಎದ್ದು ಹೋದವರು, ಟಾಕೀಸಿನ ಮೆಟ್ಟಿಲ ಮೇಲೆ ಕುಳಿತು ಉಸಿರು ತಿರುಗಿಸಿಕೊಂಡವರು ಬಹಳ ಮಂದಿ ಇದ್ದಾರೆ.

ಇನ್ನು ಹಾಲಿನ ಬೂತು. ಆ ಬೆಳಿಗ್ಗೆಗಳನ್ನು ಇವತ್ತಿನ ನಿಮ್ಮ ಕಣ್ಣಿನಿಂದ ನೋಡುತ್ತಿದ್ದೀರಿ. ಈಗ ನಿಮಗೆ ಬಸ್ಸಿನ ಬೋರ್ಡು ಓದಲು ಬರುತ್ತದೆ, ಕೈಯಲ್ಲಿ ದುಡ್ಡಿದೆ, ಫೋನಿದೆ. ಆಗ ಆ ಬೀದಿಯಲ್ಲಿ ನಿಂತಿದ್ದವಳು ಒಂಬತ್ತು ವರ್ಷದ ಹುಡುಗಿ. ಊರು ಯಾವ ದಿಕ್ಕಿಗಿದೆ ಎಂಬುದು ಅವಳಿಗೆ ಗೊತ್ತಿದ್ದಿರಲಿಕ್ಕಿಲ್ಲ. ಓಡಿಹೋಗಿ ಊರು ಮುಟ್ಟಿದರೂ, ಮುಂಗಡ ತೀರಿಲ್ಲವೆಂದು ಮತ್ತೆ ಕಳಿಸುವ ಮನೆಗೇ ತಾನೇ ಹೋಗಬೇಕಿತ್ತು? ಮಗುವನ್ನು ಕಟ್ಟಿಹಾಕಲು ಬಾಗಿಲಿಗೆ ಬೀಗ ಬೇಕಾಗುವುದಿಲ್ಲ, ಸಾಲದ ಮಾತೊಂದೇ ಸಾಕು. ಹಾಲು ತಗೊಂಡು ವಾಪಸ್ ಬಂದ ಆ ಹುಡುಗಿ ಆ ದಿನದ ಊಟವನ್ನೂ ಜೀವವನ್ನೂ ಉಳಿಸಿಕೊಂಡಳು. ನಾನು ಅವಳನ್ನು ಹೇಡಿ ಎನ್ನಲಾರೆ, ನೀವೂ ಅನ್ನಬೇಡಿ.

ನಿಮ್ಮ ವಯಸ್ಸಿನ ಲೆಕ್ಕ ಹಾಕಿದರೆ ಇನ್ನೊಂದು ಸಂಗತಿ ಕಾಣುತ್ತದೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನಿನಲ್ಲಿ ನಿಷಿದ್ಧ. ನೀವು ಆಗ ಅದೇ ಮನೆಯಲ್ಲಿದ್ದಿರಿ. ಆ ಮನೆಯ ದೊಡ್ಡವರು ಪೇಪರ್ ಓದಬಲ್ಲವರು. ತಪ್ಪು ಯಾರದೆಂದು ಕೇಳುವುದಾದರೆ ಅವರನ್ನು ಕೇಳಬೇಕು, ಓದು ಬಿಡಿಸಲ್ಪಟ್ಟವಳನ್ನಲ್ಲ.

ನಾಗೇಶ್ ಕುಕುನೂರ್ ಅವರ ‘ಲಕ್ಷ್ಮಿ’ 2014ರ ಚಿತ್ರ. ಹದಿನಾಲ್ಕರ ಹುಡುಗಿಯನ್ನು ಹೈದರಾಬಾದಿನ ವೇಶ್ಯಾಗೃಹಕ್ಕೆ ಮಾರುತ್ತಾರೆ, ಅವಳು ಕೊನೆಗೆ ನ್ಯಾಯಾಲಯದಲ್ಲಿ ನಿಂತು ಮಾತಾಡುತ್ತಾಳೆ. ಅಂಥ ಧೈರ್ಯ ದೊಡ್ಡದೇ. ಆದರೆ ಸಿನಿಮಾ ಎರಡು ಗಂಟೆಯೊಳಗೆ ಒಂದು ದಡ ಸೇರಬೇಕು. ಓಟ, ಬಾಗಿಲು, ಸಾಕ್ಷಿಕಟ್ಟೆ ಇವನ್ನೆಲ್ಲ ಕ್ಯಾಮೆರಾ ಹಿಡಿಯಬಲ್ಲದು. ಆರು ವರ್ಷ ದಿನಾ ಹಲ್ಲು ಕಚ್ಚಿ ಬದುಕಿದ್ದನ್ನು ಹಿಡಿಯುವುದು ಅದಕ್ಕೆ ಕಷ್ಟ. ನಮ್ಮದೇ ‘ಗೆಜ್ಜೆಪೂಜೆ’ಯನ್ನು ನೋಡಿ. 1969ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಆ ಚಿತ್ರದಲ್ಲಿ ಕಲ್ಪನಾ ಅವರ ಚಂದ್ರಾ ತಾನು ಹುಟ್ಟಿದ ವೇಶ್ಯೆಯರ ಮನೆಯಿಂದ ಹೊರಬರಲು ಎಷ್ಟು ಹಂಬಲಿಸಿದರೂ ಕಥೆ ಅವಳನ್ನು ಸಾವಿಗೇ ಒಯ್ಯುತ್ತದೆ. ಕಲೆಯಾಗಿ ಅದು ದೊಡ್ಡದು, ಆ ಕಾಲದ ಸಮಾಜದ ಕ್ರೌರ್ಯಕ್ಕೆ ಹಿಡಿದ ಕನ್ನಡಿ. ಆದರೂ ಇಂಥ ಹೆಣ್ಣಿಗೆ ನಮ್ಮ ಪರದೆ ಬಹಳ ಕಾಲ ಸಾವನ್ನೋ ನಾಯಕನ ಕೈಹಿಡಿತವನ್ನೋ ಮಾತ್ರ ಕೊಟ್ಟಿತೆಂಬ ನೋವು ನನಗಿದೆ. ಹಾಸ್ಟೆಲ್ಲಿನಲ್ಲಿ ಓದಿ, ಕೆಲಸ ಹಿಡಿದು, ಸಂಬಳದ ದಿನ ತನಗೊಂದು ಸೀರೆ ಕೊಳ್ಳುವ ಹೆಣ್ಣು ಅಲ್ಲಿ ಕಡಿಮೆ.

ಬಿಡುಗಡೆಯ ನಂತರದ ಬದುಕಿಗೆ ನಿಜವಾಗಿ ಜಾಗ ಕೊಟ್ಟ ಒಂದು ಚಿತ್ರ ‘ರೂಮ್’. 2015ರದು, ಲೆನ್ನಿ ಏಬ್ರಹಾಮ್ಸನ್ ನಿರ್ದೇಶನ, ನಟಿ ಬ್ರೀ ಲಾರ್ಸನ್‌ಗೆ ಆಸ್ಕರ್ ಬಂತು. ಕಥೆ ನಾನೇ ಹೇಳುತ್ತೇನೆ, ಈಗ ಅದನ್ನು ನೋಡಲು ಹೋಗಬೇಡಿ. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಸೆರೆಯಿದ್ದ ತಾಯಿ ಮತ್ತು ಐದು ವರ್ಷದ ಮಗ ಚಿತ್ರದ ನಡುವಿಗೇ ಹೊರಬರುತ್ತಾರೆ. ಉಳಿದ ಅರ್ಧ ಪೂರ್ತಿ ಆಮೇಲಿನ ಪಾಡು. ಟಿವಿ ಸಂದರ್ಶನದಲ್ಲಿ ಒಬ್ಬಾಕೆ, ಮಗುವನ್ನಾದರೂ ಹೊರಗೆ ಕಳಿಸಲು ನೀವೇಕೆ ನೋಡಲಿಲ್ಲ ಎಂಬರ್ಥದ ಪ್ರಶ್ನೆ ಹಾಕುತ್ತಾಳೆ. ಸೆರೆಯಲ್ಲಿ ಮುರಿಯದ ತಾಯಿ ಆ ಪ್ರಶ್ನೆಯ ನಂತರ ಕುಸಿದು ಆಸ್ಪತ್ರೆ ಸೇರುತ್ತಾಳೆ.

ನಿಮ್ಮ ಮನೆಯವರ ಮಾತು ನಿಮ್ಮನ್ನು ಬಚ್ಚಲಿಗೆ ಅಟ್ಟಿದ್ದೂ ಹೀಗೆಯೇ. ಅವರು ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ, ‘ಲಕ್ಷ್ಮಿ’ಯ ಹುಡುಗಿಯ ಮೇಲಿನ ಮೆಚ್ಚುಗೆಯಿಂದ ಅಂದರು. ಇದನ್ನು ಓದುತ್ತಿರುವ ಉಳಿದವರಲ್ಲೂ ಒಂದು ಕೋರಿಕೆ. ಟಿವಿ ಮುಂದೆ ಕುಳಿತು ‘ಯಾಕೆ ಓಡಲಿಲ್ಲ, ಯಾಕೆ ಹೇಳಲಿಲ್ಲ’ ಎನ್ನುವ ಮೊದಲು ಒಮ್ಮೆ ತಡೆಯಿರಿ. ಉತ್ತರ ಗೊತ್ತಿರುವವರು ನಿಮ್ಮ ಪಕ್ಕದಲ್ಲೇ ಕುಳಿತಿರಬಹುದು. ನಿಮ್ಮ ಬೀದಿಯ ಯಾವುದಾದರೂ ಮನೆಯಲ್ಲಿ ಶಾಲೆಗೆ ಹೋಗಬೇಕಾದ ಮಗು ಪಾತ್ರೆ ತೊಳೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಈ ಪತ್ರ ಬರೆದವರನ್ನು ಬಿಡಿಸಿದ್ದು ಅಂಥ ಒಂದು ಫೋನೇ.

ಈಗ ನಿಮಗೆ. ಸದ್ಯಕ್ಕೆ ಇಂಥ ಚಿತ್ರಗಳನ್ನು ನೋಡಬೇಡಿ. ‘ಗಟ್ಟಿಯಾಗಬೇಕು’ ಎಂದು ಹಟಕ್ಕೆ ಬಿದ್ದು ನೋಡುವುದಂತೂ ಬೇಡ. ‘ಇದು ಬ್ಯಾಡ, ನಂಗ ಸಂಕಟ ಆಗ್ತದ’ ಎಂದಷ್ಟೇ ಹೇಳಿ ಚಾನೆಲ್ ಬದಲಾಯಿಸಿ, ಕಾರಣ ಕೊಡಬೇಕಿಲ್ಲ. ರಾತ್ರಿ ನೆನಪು ನುಗ್ಗಿ ಬಂದರೆ ಎದ್ದು ಕೂತು ದೀಪ ಹಾಕಿ, ಎರಡೂ ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಬಿದ್ದ ವಸ್ತುಗಳ ಹೆಸರನ್ನು ಮೆಲ್ಲಗೆ ಹೇಳಿಕೊಳ್ಳಿ: ನನ್ನ ಕ್ಯಾಲೆಂಡರ್, ನನ್ನ ಬೀರು, ನನ್ನ ಮನೆಯ ಚಿಲಕ. ಉಸಿರನ್ನು ನಿಧಾನವಾಗಿ ಬಿಡಿ. ಮೈಗೆ ಇದು ಯಾವ ಊರು, ಯಾವ ವರ್ಷ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕು.

ಗಂಡನಿಗೆ ಹೇಳಲೇಬೇಕೆಂಬ ಕಟ್ಟಳೆ ಇಲ್ಲ. ಹೇಳದಿದ್ದರೆ ಮೋಸವೂ ಅಲ್ಲ. ಹೇಳಬೇಕೆನಿಸಿದರೆ, ಅವರು ಸಮಾಧಾನದಲ್ಲಿರುವ ಹೊತ್ತು ನೋಡಿ ಚಿಕ್ಕದಾಗಿ ಶುರುಮಾಡಿ: ‘ಸಣ್ಣಾಕಿದ್ದಾಗ ನಾನೂ ಒಂದು ಮನ್ಯಾಗ ಕೆಲಸಕ್ಕಿದ್ದೆ. ಅವತ್ತು ನೀವಂದ ಮಾತು ನಂಗ ನೋವಾತು.’ ಅಲ್ಲಿಗೇ ನಿಲ್ಲಿಸಬಹುದು. ಅವರು ಅದನ್ನು ಹೇಗೆ ತಗೊಳ್ಳುತ್ತಾರೆ ನೋಡಿಕೊಂಡು ಮುಂದಿನದನ್ನು ಇನ್ನೊಂದು ದಿನ ಹೇಳಬಹುದು, ಹೇಳದೆಯೂ ಇರಬಹುದು.

ಅದಕ್ಕೂ ಮೊದಲು, ಇಂಥ ಗಾಯಗಳನ್ನು ಬಲ್ಲ ಒಬ್ಬರ ಮುಂದೆ ಕೂರುವುದು ಒಳ್ಳೆಯದು. ಟೆಲಿ ಮಾನಸ್‌ನ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ಮಾತಾಡಬೇಕೆಂದರೆ ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಊರೂರಿನ ಆಸ್ಪತ್ರೆಗಳಲ್ಲೇ ಮನಸ್ಸಿಗೂ ಔಷಧಿ ಸಿಗಬೇಕೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಯೋಗ ಮಾಡಿದ್ದು ನಿಮ್ಮ ಬಳ್ಳಾರಿಯಲ್ಲೇ, ಅದೇ ಮುಂದೆ ದೇಶಕ್ಕೆ ಮಾದರಿಯಾಯಿತು. ಬದುಕುವುದೇ ಬೇಡ ಎನ್ನುವಂಥ ಯೋಚನೆ ಬಂದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ. ಆ ಗಳಿಗೆಯಲ್ಲೇ ಮನೆಯವರನ್ನು ಎಬ್ಬಿಸಿ, ಫೋನ್ ಮಾಡಿ. ಕಾನೂನಿನ ಸಲಹೆ ಕೇಳಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಹೆಂಗಸರಿಗೆ ಅಲ್ಲಿ ನೆರವು ಉಚಿತ. ಆದರೆ ದೂರು ಕೊಟ್ಟರೆ ಮಾತ್ರ ಗಟ್ಟಿಗಿತ್ತಿ ಎಂದುಕೊಳ್ಳಬೇಡಿ.

ಕೊನೆಯದಾಗಿ ಅವ್ವನ ಮೇಲಿನ ಸಿಟ್ಟು. ಅದು ಪಾಪವಲ್ಲ. ಬಡತನ ಅವರನ್ನು ಹಿಂಡಿತ್ತು ಎಂಬುದೂ ನಿಜ, ಮಗಳನ್ನು ಕಳಿಸಿದರು ಎಂಬುದೂ ನಿಜ. ಒಂದಕ್ಕಾಗಿ ಇನ್ನೊಂದನ್ನು ಅಳಿಸಬೇಕಿಲ್ಲ. ಪ್ರೀತಿ ಇದ್ದಲ್ಲೇ ಇಂಥ ಸಿಟ್ಟೂ ಇರುತ್ತದೆ. ಕ್ಷಮಿಸಿಬಿಡು ಎಂದು ಯಾರು ಅವಸರ ಮಾಡಿದರೂ ಒಪ್ಪಬೇಡಿ. ಹಬ್ಬಕ್ಕೆ ತವರಿಗೆ ಹೋಗಲು ಮನಸ್ಸಿಲ್ಲದಿದ್ದರೆ ಹೋಗಬೇಡಿ, ಒಂದು ಫೋನ್ ಮಾಡಿ ಆರೋಗ್ಯ ವಿಚಾರಿಸಿದರೆ ಸಾಕು.